ನಾನು ಬೀಗ ಹಾಕಿದ ಮಗ್ಗ

ನಮ್ಮ ಅತ್ತೆಯ ಪಾದಗಳು ಆಕೆಯ ಮುಖಕ್ಕಿಂತ ಬೆಳ್ಳಗಿದ್ದವು. ನಲವತ್ತು ವರ್ಷ, ದಿನಕ್ಕೆ ಏಳೆಂಟು ತಾಸು, ಮಗ್ಗದ ಕುಣಿಯೊಳಗೆ ಇಳಿಬಿಟ್ಟ ಪಾದಗಳವು. ಬಿಸಿಲು ಕಂಡದ್ದೇ ಕಡಿಮೆ. ಹಲಗೆ ತುಳಿದು ತುಳಿದು ಬಲಗಾಲ ಹೆಬ್ಬೆರಳು ಹೊರಕ್ಕೆ ಸೊಟ್ಟಗಾಗಿತ್ತು. ಯಾವ ಚಪ್ಪಲಿಯ ಉಂಗುಟವೂ ಅದಕ್ಕೆ ಹೊಂದುತ್ತಿರಲಿಲ್ಲ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಹತ್ತು ಜೋಡಿ ಹಾಕಿ ತೆಗೆದು, ಕಡೆಗೆ ಬರಿಗಾಲಲ್ಲೇ ಮನೆಗೆ ಬಂದು, "ನನ್ನ ಕಾಲು ಮಗ್ಗಕ್ಕ ಅಳತಿ ಕೊಟ್ಟು ಮಾಡಿಸಿದ್ದೈತಿ. ಚಪ್ಪಲಿ ಅಂಗಡಿಯಾಂವಗ ಹ್ಯಾಂಗ ತಿಳೀಬೇಕು?" ಎಂದು ನಗುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬಂದ ಮರುವಾರವೇ ಅಜ್ಜನ ಮಗ್ಗಕ್ಕೆ ಕೂತಳಂತೆ. ಅಪ್ಪ ನೂಲು ಮುಟ್ಟಲಿಲ್ಲ, ರೋಣದ ಕಚೇರಿಯಲ್ಲಿ ಕಾರಕೂನನಾದ. ನಾನಂತೂ ರೋಣದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಹೀಗಾಗಿ ಮನೆಯ ಹಿಂದಿನ ಕೋಣೆ, ಅದರ ನೆಲದಲ್ಲಿ ತೋಡಿದ ಕುಣಿ, ಕುಣಿಯ ಅಂಚಿಗೆ ಕೂತು ನೆಲದ ಮಟ್ಟಕ್ಕೆ ಬಗ್ಗಿ ನೇಯುವ ಆ ಹಳೆಯ ಮಗ್ಗ ಆಕೆಯೊಬ್ಬಳ ಪಾಲಿಗೆ ಉಳಿದವು. ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದಳು. ನೇಯುವಾಗ ಯಾರೂ ಚಹಾದ ಬಟ್ಟಲು ಹಿಡಿದು ಹೊಸ್ತಿಲು ದಾಟುವಂತಿರಲಿಲ್ಲ. ದಾಟಿದರೆ ಲಾಳಿ ನಿಲ್ಲುತ್ತಿತ್ತು, ಆಕೆಯ ಹುಬ್ಬು ಏರುತ್ತಿತ್ತು, ದಾಟಿದವರು ತಾವಾಗಿಯೇ ಹಿಂದೆ ಸರಿಯುತ್ತಿದ್ದರು.

ಜಗತ್ತಿನಲ್ಲಿ ಯಾವುದು ಚಲೋ ಯಾವುದು ಕೆಟ್ಟದ್ದು ಎನ್ನುವುದಕ್ಕೆ ಆಕೆಯ ಹತ್ತಿರ ಒಂದೇ ಅಳತೆ: ಅಂಚು. ಸಾರು ರುಚಿಯಾಗಿದ್ದರೆ "ಅಂಚು ನೆಟ್ಟಗೈತಿ." ಓಣಿಯಲ್ಲಿ ಯಾರಿಗಾದರೂ ಗಂಡು ನೋಡಿ ಬಂದರೆ "ಹುಡುಗ ಕೆಂಪಗದಾನ ಖರೇ, ಅಂಚು ನೆಟ್ಟಗಿಲ್ಲ." ನನ್ನ ಹೆಂಡತಿಯನ್ನು ನೋಡಲು ಹೋದಾಗ ಹುಡುಗಿಯ ಮುಖಕ್ಕಿಂತ ಮೊದಲು ಆಕೆ ಸೆರಗು ಮಡಚಿದ ರೀತಿ ನೋಡಿ, ಎಲ್ಲರ ಎದುರಿಗೇ ಒಪ್ಪಿಗೆ ಕೊಟ್ಟುಬಿಟ್ಟಿದ್ದಳು. ನನ್ನನ್ನು ಕೇಳಿದವರೇ ಇಲ್ಲ. ಈಗ ನೋಡಿದರೆ ಅದೊಂದು ಆಕೆ ನನಗೆ ಮಾಡಿದ ದೊಡ್ಡ ಉಪಕಾರ.

ಅಪ್ಪ ಸತ್ತದ್ದು ಒಂದು ಮುಂಜಾನೆ, ಗಡ್ಡ ಹೆರೆದುಕೊಳ್ಳುವಾಗ. "ತಲಿ ಒಡದಂಗಾತು" ಎಂದದ್ದಷ್ಟೇ. ಕನ್ನಡಿಯ ಮುಂದೆಯೇ ಕುಸಿದ. ಹುಬ್ಬಳ್ಳಿಯ ದೊಡ್ಡ ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮಿದುಳಿನ ರಕ್ತನಾಳದಲ್ಲಿ ಗುಳ್ಳೆಯಂತೆ ಉಬ್ಬಿದ ಒಂದು ಜಾಗ ಒಡೆದಿದೆ ಎಂದರು ಅಲ್ಲಿಯ ಡಾಕ್ಟರು. ಕೆಲವು ಮನೆತನಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನರಿಗೆ ಇರುತ್ತದೆ, ಒಡಹುಟ್ಟಿದವರು, ಮಕ್ಕಳು ಒಮ್ಮೆ ತಲೆ ತೋರಿಸಿಕೊಳ್ಳುವುದು ಒಳ್ಳೆಯದು, ಒಡೆಯುವ ಮೊದಲೇ ಸಿಕ್ಕರೆ ಉಪಾಯವಿದೆ ಎಂದರು. ಅತ್ತೆ ಒಂದೇ ಮಾತಿಗೆ ಹೂಂ ಅಂದಳು. ನಾನು ಪರೀಕ್ಷೆ ಹತ್ತಿರ ಬಂತು, ಪೇಪರು ತಿದ್ದಬೇಕು ಎಂದು ಮುಂದೂಡಿದೆ. ಪೇಪರೂ ಇಲ್ಲ ಗೀಪರೂ ಇಲ್ಲ. ನನಗೆ ಜೀವದ ಹೆದರಿಕೆ. ಇಪ್ಪತ್ತು ವರ್ಷ ಹಲಗೆಯ ಮೇಲೆ ಕೆಂಪು ನೀಲಿ ಸುಣ್ಣದ ಕಡ್ಡಿಯಲ್ಲಿ ರಕ್ತ ಪರಿಚಲನೆಯ ಚಿತ್ರ ಬಿಡಿಸಿದ ಮನುಷ್ಯ ನಾನು. ನನ್ನದೇ ತಲೆಯೊಳಗಿನ ರಕ್ತ ಹೇಗೆ ಓಡುತ್ತಿದೆ ಎಂದು ನೋಡುವ ಧೈರ್ಯವಿರಲಿಲ್ಲ.

ಅತ್ತೆಗೆ ಗುಳ್ಳೆ ಇತ್ತು. ಒಡೆದಿರಲಿಲ್ಲ. ತೊಡೆಯ ನಾಳದಿಂದ ಸಣ್ಣ ಕೊಳವೆ ತೂರಿಸಿ, ಗುಳ್ಳೆ ಇರುವ ಕಡೆ ತಂತಿಯ ಜಾಳಿಗೆ ಕೂಡಿಸುತ್ತೇವೆ, ಆಗ ರಕ್ತ ಗುಳ್ಳೆಯೊಳಗೆ ನುಗ್ಗದೆ ಸೀದಾ ಹೋಗುತ್ತದೆ, ಬರಬರುತ್ತ ಗುಳ್ಳೆ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಡಾಕ್ಟರು ಚಿತ್ರ ತೋರಿಸಿದರು. ನನಗೆ ಬೆವರು. ಅತ್ತೆ ಚಿತ್ರದ ಹತ್ತಿರಕ್ಕೆ ಮುಖ ಒಯ್ದು ಕೇಳಿದಳು:

"ಇದನ್ನ ನೇದಾರೇನ್ರಿ?"

"ಹೌದಮ್ಮಾ. ಕೂದಲಿಗಿಂತ ಸಣ್ಣ ತಂತಿ, ಹೆಣೆದಿರ್ತಾರೆ."

"ಕೈಲೇನೋ, ಮಶಿನ್‌ಲೇನೋ?"

"ಮಶಿನ್ನು."

"ನೇಯ್ಗಿ ಒತ್ತಾಗೈತ್ರಿ. ಹಾಕ್ರಿ ಹಂಗಾರ" ಎಂದು ಕುರ್ಚಿಗೆ ಒರಗಿದಳು. ಡಾಕ್ಟರು ನಕ್ಕರು. ಹೊರಗೆ ಬಂದ ಮೇಲೆ ನನಗೆ, "ಡಾಕ್ಟರ್‌ದು ಅಂಚು ನೆಟ್ಟಗೈತಿ. ನೀ ಯಾಕ ಮಾರಿ ಹಂಗ ಮಾಡೀದಿ?" ಎಂದಳು.

ಎಲ್ಲ ಸುಸೂತ್ರವಾಯಿತು. ಮನೆಗೆ ಕಳಿಸುವ ಮೊದಲು ಮಿದುಳಿನಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುವ ಒಂದು ಪರೀಕ್ಷೆ ಮಾಡಿದರು. ಎಡಗಡೆ ಒಂದು ಭಾಗಕ್ಕೆ ರಕ್ತ ತುಸು ತಡವಾಗಿ ಮುಟ್ಟುತ್ತಿದೆ, ಕೆಲವರಲ್ಲಿ ಮೊದಮೊದಲು ಹೀಗಿರುತ್ತದೆ, ಹೆದರುವಂಥದ್ದಲ್ಲ, ಏಳು ತಿಂಗಳಿಗೆ ಮತ್ತೊಮ್ಮೆ ನೋಡೋಣ ಎಂದರು. ರಕ್ತ ತೆಳುವಾಗುವ ಗುಳಿಗೆ ಒಂದು ದಿನವೂ ತಪ್ಪಿಸಬಾರದು. ಇದನ್ನೆಲ್ಲ ಅತ್ತೆ ಕೇಳಿಸಿಕೊಂಡಳು. ಆಕೆ ಬಟ್ಟೆ ಬದಲಿಸಲು ಒಳಗೆ ಹೋದಾಗ ಡಾಕ್ಟರು ನನ್ನೊಬ್ಬನಿಗೇ ಇನ್ನೊಂದು ಮಾತು ಹೇಳಿದರು: "ಒಂದು ತಿಂಗಳು ಭಾರ ಎತ್ತೋದು ಬೇಡ. ಆಮೇಲೆ ಮಗ್ಗ ಶುರು ಮಾಡಲಿ. ಕೂತು ಮಾಡೋ ಕೆಲಸ ತಾನೇ."

ಕೂತು ಮಾಡುವ ಕೆಲಸ! ಪಾಪ, ಇವರು ಮಗ್ಗವೆಂದರೆ ಕುರ್ಚಿ ಮೇಜು ಎಂದುಕೊಂಡಿದ್ದಾರೆ, ಕುಣಿ ಇವರಿಗೇನು ಗೊತ್ತು ಎಂದು ನನ್ನೊಳಗೇ ನಾನು ತೀರ್ಪು ಕೊಟ್ಟುಬಿಟ್ಟೆ. ಇಡೀ ದಿನ ಬಗ್ಗಿ ಕೂತರೆ ರಕ್ತವೆಲ್ಲ ತಲೆಗೆ ಇಳಿಯುವುದಿಲ್ಲವೇ? "ಸಾಹೇಬ್ರ, ಅದು ಕುಣಿಮಗ್ಗರಿ, ಬಗ್ಗಿ ನೇಯೂದ್ರಿ, ನಡೀತೈತೇನ್ರಿ?" ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ಕೇಳಲಿಲ್ಲ. ಮಾಸ್ತರರಿಗೆ ಇದೊಂದು ಜಡ್ಡು, ಕೇಳುವುದಕ್ಕಿಂತ ತಿಳಿದುಕೊಂಡುಬಿಡುವುದು ರೂಢಿ. ಊರಿಗೆ ಬಂದವನೇ ಮಗ್ಗದ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ನನ್ನ ಬ್ಯಾಗಿಗೆ ಸೇರಿಸಿ, ಅತ್ತೆಗೆ ಹೇಳಿದೆ: "ಡಾಕ್ಟರ್ ಮಗ್ಗ ಬ್ಯಾಡ ಅಂದಾರ. ಅವರು ಹೂಂ ಅನ್ನೂತನಕಾ ಮುಟ್ಟಂಗಿಲ್ಲ."

ಮೊದಲ ತಿಂಗಳು ಆಕೆ ಸುಮ್ಮನಿದ್ದಳು. ಎರಡನೆಯ ತಿಂಗಳಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಕೊಡ ಎತ್ತಬೇಡ. ಅಟ್ಟ ಹತ್ತಬೇಡ. ಕಸ ಬಳಿಯಬೇಡ, ಬಗ್ಗಬೇಕಾಗುತ್ತದೆ. ಗುಡ್ಡದ ಕಡೆ ಹೋಗಬೇಡ, ಏರು ದಾರಿ. ಸೀನಿದರೂ ನಾನು ಓಡಿಬಂದು ನಿಲ್ಲುತ್ತಿದ್ದೆ. ಪಡಸಾಲೆಯ ಹೊರಸಿನ ಮೇಲೆ ಆಕೆ ಕೂತಲ್ಲೇ ಕೂತು, ಎದುರಿನ ಗೋಡೆಯನ್ನು ನೋಡುತ್ತ, ಬಲಗೈಯನ್ನು ಆಗಾಗ ತನಗೆ ತಿಳಿಯದೆಯೇ ಲಾಳಿ ಎಸೆಯುವಂತೆ ಆಡಿಸುತ್ತಿದ್ದಳು. ಓಣಿಯಲ್ಲಿ ಬೇರೆ ಮನೆಗಳ ಮಗ್ಗದ ಸಪ್ಪಳ ಕೇಳಿಬಂದರೆ ಎದ್ದು ಬಾಗಿಲು ಮುಂದೆ ಮಾಡಿ ಬರುತ್ತಿದ್ದಳು. ನನ್ನ ಹೆಂಡತಿಗೆ ಸಹಿಸದಾಯಿತು. "ಏನ್ರೀ ಇದು, ಜೇಲಿನ್ಯಾಗ ಇಟ್ಟಂಗ ಇಟ್ಟೀರಿ. ಡಾಕ್ಟರಿಗೆ ಒಂದ್ ಮಾತ ಕೇಳ್ರಲ್ಲಾ" ಎಂದು ಜಗಳ ತೆಗೆದಳು.

ಅತ್ತೆಯೂ ಅದನ್ನೇ ಕೇಳುತ್ತಿದ್ದಳು, ಪ್ರತಿ ಆದಿತ್ಯವಾರ, ನನ್ನ ಊಟ ಮುಗಿಯುವುದನ್ನು ಕಾದು. "ತಮ್ಮಾ, ಡಾಕ್ಟರಿಗೆ ಫೋನ್ ಹಚ್ಚಿ ಕೇಳೋ. ಈಗರ ಹೂಂ ಅಂತಾರೇನ ನೋಡೋ." ನಾನು ಫೋನು ಹಿಡಿದು ಅಂಗಳದ ಬೇವಿನ ಗಿಡದ ಕೆಳಗೆ ಹೋಗುತ್ತಿದ್ದೆ. ಕಿವಿಗೆ ಹಚ್ಚಿಕೊಂಡು "ಹೌದ್ರಿ... ಆತ್ರಿ... ಸರಿ ಸಾಹೇಬ್ರ" ಎನ್ನುತ್ತಿದ್ದೆ. ಆ ಕಡೆ ಯಾರೂ ಇರುತ್ತಿರಲಿಲ್ಲ. ಒಳಗೆ ಬಂದು "ಇನ್ನೂ ಬ್ಯಾಡ ಅಂದ್ರು" ಎಂದರೆ, "ಹೂಂ" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಈ ನಾಟಕವನ್ನು ನಾನು ಎಷ್ಟು ವಾರ ಆಡಿದೆನೋ ದೇವರಿಗೇ ಗೊತ್ತು. ಬರೆಯುವಾಗ ಕೈ ನಾಚುತ್ತದೆ.

ಐದನೆಯ ತಿಂಗಳಲ್ಲಿ ಒಂದು ದಿನ ಶಾಲೆ ಬೇಗ ಬಿಟ್ಟಿತ್ತು. ಬಂದು ನೋಡಿದರೆ ಅತ್ತೆ ಹಿತ್ತಲಲ್ಲಿ, ಮಗ್ಗದ ಕೋಣೆಯ ಕಿಟಕಿಗೆ ಅಂಟಿಕೊಂಡು ನಿಂತಿದ್ದಾಳೆ. ಸರಳುಗಳ ನಡುವೆ ಕೈ ತೂರಿಸಿದ್ದಾಳೆ, ಮೊಣಕೈಯತನಕ. ಒಳಗೆ ಅರ್ಧಕ್ಕೆ ನಿಂತ ಸೀರೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಹಾಗೆಯೇ ಇತ್ತು. ಅದನ್ನು ಇಲಿ ಕಡಿದಿತ್ತು. ಆಕೆಯ ಬೆರಳಿಗೂ ನೂಲಿಗೂ ಒಂದು ಮಾರು ಅಂತರ.

"ಇಲಿ ಬಂದಾವೋ ತಮ್ಮಾ. ಬೀಗ ತಗಿ. ಕುಂಡ್ರೂದಿಲ್ಲ, ನಿಂತ ಗಂಟ ಹಾಕ್ತೀನಿ. ನಿನ್ನ ಆಣಿ."

ನಾನು ತೆಗೆಯಲಿಲ್ಲ. ಅಂದರೆ, ತೆಗೆದೆ, ಆದರೆ ನಾನೊಬ್ಬನೇ ಒಳಗೆ ಹೋಗಿ ಅಗಳಿ ಹಾಕಿಕೊಂಡೆ. "ನೀ ಹೊರಗ ನಿಂತು ಹೇಳು, ನಾ ಕಟ್ತೀನಿ" ಎಂದೆ. ನೇಕಾರರ ಮನೆಯಲ್ಲಿ ಹುಟ್ಟಿದ ನಾನು ಕುಣಿಗೆ ಕಾಲು ಇಳಿಬಿಟ್ಟದ್ದು ಅದೇ ಮೊದಲು. ಆಕೆ ಎರಡೂ ಕೈಯಲ್ಲಿ ಸರಳು ಹಿಡಿದು ಹೊರಗಿನಿಂದ ಕೂಗುತ್ತಿದ್ದಳು.

"ಅದಲ್ಲೋ! ಅದರ ಮಗ್ಗಲದ್ದು. ಅಯ್ಯ, ಅದೂ ಅಲ್ಲ!"

"ಎಲ್ಲಾ ಒಂದ ಬಣ್ಣ ಅದಾವ ಅತ್ತಿ, ಹ್ಯಾಂಗ ಗೊತ್ತಾಗಬೇಕು?"

"ಸಾಲ್ಯಾಗ ಐವತ್ತು ಹುಡುಗೂರು ಒಂದ ಬಣ್ಣದ ಅಂಗಿ ಹಾಕ್ಕೊಂಡ ಕುಂತಿರ್ತಾವಲ್ಲ, ಗುರ್ತಾ ಹಿಡಿಯೂದಿಲ್ಲೇನ ನೀ?"

ಎಷ್ಟೋ ತಿಂಗಳ ಮೇಲೆ ಆಕೆ ನಕ್ಕದ್ದು ಆವತ್ತು. ನನ್ನ ಹೆಂಡತಿ ಒಗೆಯುವುದನ್ನು ಬಿಟ್ಟು ಬಂದು ಆಕೆಯ ಜೊತೆ ಸೇರಿ ನಕ್ಕಳು. ಎರಡು ತಾಸಿನಲ್ಲಿ ನಾನು ಹನ್ನೊಂದು ಗಂಟು ಹಾಕಿದೆ, ಅದರಲ್ಲಿ ಏಳು ತಪ್ಪು ಜೋಡಿ. ಎದ್ದಾಗ ಕುತ್ತಿಗೆ ಹಿಡಿದುಕೊಂಡಿತ್ತು, ತಲೆ ಗಿರ್ರೆಂದಿತು. ಹೊರಗೆ ಬಂದು ಬೀಗ ಜಡಿದು ಏನೆಂದೆ ಗೊತ್ತೇ? "ನೋಡು, ಗಟ್ಟಿಮುಟ್ಟು ಇದ್ದ ನನಗನ ತಲಿ ತಿರಗತೈತಿ. ನೀ ಇಳದ್ರ ಉಳೀತಿಯೇನ?" ಆಕೆಯ ನಗು ನಿಂತಿತು.

"ನಿನಗ ರೂಢಿ ಇಲ್ಲ, ಅದಕ್ಕ ತಿರಗತೈತಿ. ನನಗ ಕುಣ್ಯಾಗ ಇಳದ್ರನ ತಲಿ ನಿಲ್ಲತೈತಿ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಅಂದಿನಿಂದ ಫೋನು ಹಚ್ಚು ಎಂದು ಕೇಳುವುದನ್ನೂ ಬಿಟ್ಟಳು. ಊಟ ಅರ್ಧವಾಯಿತು. ನಾನು ಅದನ್ನು ಶಾಂತವಾಗಿದ್ದಾಳೆ ಎಂದುಕೊಂಡೆ.

ಏಳು ತಿಂಗಳಿಗೆ ಹುಬ್ಬಳ್ಳಿಗೆ ಹೋದೆವು. ಆಕೆಯನ್ನು ಯಂತ್ರದ ಕೋಣೆಗೆ ಕರೆದೊಯ್ದಾಗ ನಾನು ಹೊರಗಿನ ಬಾಕಿನ ಮೇಲೆ ಕೂತು ಸುಳ್ಳು ಸುಳ್ಳೇ ಪೇಪರು ಓದುತ್ತಿದ್ದೆ. ಆಮೇಲೆ ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು. ಕಂಪ್ಯೂಟರಿನ ಮೇಲೆ ಎರಡು ಮಿದುಳಿನ ಚಿತ್ರ, ಹಸಿರು, ಕೆಂಪು, ನೀಲಿ ಬಣ್ಣ. ಒಂದು ಆಗಿನದು, ಒಂದು ಈಗಿನದು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಬೆರಳು ಮಾಡಿದಳು.

"ಆವಾಗ ಈ ಕಡೆ ಬಣ್ಣ ಕುಡದಿಲ್ರಿ. ಈಗ ಎರಡೂ ಕಡೆ ಸಮ ಹತ್ತೈತಿ. ಹೌದಲ್ರಿ?"

ಡಾಕ್ಟರು ಆಕೆಯನ್ನೇ ನೋಡಿದರು. "ನಾನು ಹೇಳಬೇಕಾದ್ದನ್ನ ನೀವೇ ಹೇಳಿಬಿಟ್ರಿ. ರಕ್ತ ಈಗ ಎರಡೂ ಕಡೆ ಸರಿಯಾಗಿ ಮುಟ್ತಾ ಇದೆ. ಗುಳ್ಳೆ ಮುಚ್ಚಿಕೊಂಡಿದೆ. ಮಗ್ಗ ಹೇಗೆ ನಡೀತಿದೆ? ಒಂದು ತಿಂಗಳಾದ ಮೇಲೆ ಶುರು ಮಾಡಲಿ ಅಂತ ಇವರಿಗೆ ಹೇಳಿದ್ದೆನಲ್ಲ."

ಅತ್ತೆ ಒಮ್ಮೆ ನನ್ನ ಕಡೆ ನೋಡಿದಳು. ಒಮ್ಮೆಯೇ. ಆಮೇಲೆ ಡಾಕ್ಟರಿಗೆ ಹೇಳಿದಳು:

"ಇನ್ನಾ ಇಲ್ರಿ ಸಾಹೇಬ್ರ. ನೂಲಿಂದು ಭಾಳ ತ್ರಾಸ ಆಗೈತ್ರಿ ಈ ಸಲಾ. ನೂಲು ಬಂದ ಕೂಡ್ಲೇ ಶುರು ಮಾಡ್ತೀನ್ರಿ."

ಮನೆಯಲ್ಲಿ ಬಿಚ್ಚದ ನೂಲಿನ ಕಟ್ಟುಗಳು ಇದ್ದವು. ಆಕೆ ಮುಂದುವರಿದು, ನಾನು ಕೇಳದೇ ಇದ್ದುದನ್ನು ತಾನೇ ಕೇಳಿದಳು. "ನಮ್ದು ಕುಣಿಮಗ್ಗರಿ. ಕಾಲು ಇಳಿಬಿಟ್ಟು, ಬಗ್ಗಿ ನೇಯೂದ್ರಿ. ನಡೀತೈತಲ್ರಿ?"

"ಗುಳ್ಳೆ ಇದ್ದಾಗಲೇ ಬಗ್ಗಿ ನೇಯ್ದಿದ್ದೀರಿ. ಈಗೇನಮ್ಮಾ? ಧಾರಾಳವಾಗಿ. ಗುಳಿಗೆ ಮಾತ್ರ ನಾವು ಹೇಳೋತನಕ ಬಿಡಬೇಡಿ." ಅರ್ಧ ನಿಮಿಷವೂ ಹಿಡಿಯಲಿಲ್ಲ.

ನರಗುಂದದಲ್ಲಿ ಇಳಿದು ರೋಣದ ಬಸ್ಸು ಕಾಯಬೇಕಿತ್ತು. ಮಧ್ಯಾಹ್ನದ ಬಿಸಿಲು, ಎದುರಿಗೆ ಗುಡ್ಡ, ಬಸ್‌ಸ್ಟ್ಯಾಂಡಿನ ಕಲ್ಲುಬಾಕು. ಚಹಾ ತರಲೇ ಎಂದೆ. ಆಕೆ ಕೇಳಿದಳು:

"ಫೋನ್ ಹಚ್ಚಿದ್ದೂ ಸುಳ್ಳೇನ?"

"ಹೌದು."

"ಬೇವಿನಗಿಡದ ಬುಡಕ ನಿಂತು ಆತ್ರಿ, ಆತ್ರಿ ಅಂತಿದ್ದಿ."

"ಹೌದ ಅತ್ತಿ."

"ಯಾಕೋ?"

"ಅಪ್ಪನಂಗ ನೀನೂ..." ಎಂದೆ. ಜನ ನೋಡುತ್ತಿದ್ದರು, ನೋಡಲಿ, ಅಳತೊಡಗಿದೆ.

ಆಕೆ ಅಳಲಿಲ್ಲ. "ನೀ ಹೆದರಿದ್ದಿ, ತಿಳೀತು. ನಾ ಏನಾಗಿದ್ದೆ ಗೊತ್ತೈತೇನ? ಡಾಕ್ಟರ್ ಇನ್ನೂ ಬ್ಯಾಡ ಅಂದ್ರು, ಇನ್ನೂ ಬ್ಯಾಡ ಅಂದ್ರು ಅಂತ ಬಂದು ಹೇಳ್ತಿದ್ದಿಯಲ್ಲ, ನಾ ಏನ ತಿಳಕೋಬೇಕು? ಜಾಳಿಗಿ ಹಿಡದಿಲ್ಲ, ಗುಳ್ಳಿ ಹಂಗ ಐತಿ, ಇವರು ನನಗ ಹೇಳವಲ್ರು, ನಾ ಸಾಯಾಕ ಹತ್ತೀನಿ ಅಂತ ತಿಳಕೊಂಡೆ. ದಿನಾ ಮುಂಜಾನೆ ಕಣ್ ತೆರದ್ರ ಇವತ್ತ ಒಡೀತೈತೇನೋ ಅಂತಿದ್ದೆ. ಆ ಗ್ವಾಡಿ ನೋಡ್ಕೋತ ಆರು ತಿಂಗಳ ಸತ್ತೀನಿ ನಾ."

ಇದು ನನಗೆ ಹೊಳೆದೇ ಇರಲಿಲ್ಲ. ಕೋಣೆಗೆ ಬೀಗ ಹಾಕಿದ್ದೇನೆ ಎಂದಷ್ಟೇ ತಿಳಿದಿದ್ದೆ. ಕಡೆಗೆ ಧೈರ್ಯ ಮಾಡಿ, ಡಾಕ್ಟರ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀ ಮಾಸ್ತರ ಅದಿ. ನಾಕ ಮಂದ್ಯಾಗ ಸುಳ್ಳ ಅನ್ನಿಸ್ಕೊಂಡ್ರ ನಾಳಿ ಹುಡುಗೂರ ಮುಂದ ಹ್ಯಾಂಗ ನಿಂದ್ರತಿ?" ಎಂದಳು. ಬಸ್ಸು ಬಂದು ನಿಂತಾಗ ಏಳುತ್ತ ಅಂದಳು: "ಬರೂ ಸೋಮವಾರ ನೀ ತಲಿ ತೋರಿಸ್ಕೋಬೇಕು. ಇಲ್ಲಂದ್ರ ನಿನ್ನ ಒಳಗ ಹಾಕಿ ನಾ ಬೀಗ ಹಾಕ್ತೀನಿ."

ಸೋಮವಾರ ಹೋದೆ. ಆಕೆಯೇ ಜೊತೆಗೆ ಬಂದು ಬಾಗಿಲ ಹೊರಗೆ ಕೂತಿದ್ದಳು. ನನ್ನ ತಲೆಯಲ್ಲಿ ಏನೂ ಇರಲಿಲ್ಲ. "ಮೊದಲಿಂದನೂ ನನಗ ಸಂಶೇ ಇತ್ತು" ಎಂದಳು.

ಆದರೆ ಸಿಟ್ಟು ಹೋಗಿರಲಿಲ್ಲ. ಬೀಗ ತೆಗೆದ ದಿನ ನಾನು ಹಾಕಿದ ಗಂಟುಗಳನ್ನೆಲ್ಲ ಉಗುರಿನಿಂದ ಬಿಚ್ಚಿ ಎಸೆದಳು. ಮುಂದೆ ಒಂದು ತಿಂಗಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದಳು. "ಊಟಾ ಮಾಡ್ರಿ ಮಾಸ್ತರ್ರ." "ಬಸ್ಸಿಗೆ ಹೊತ್ತಾತ್ರಿ ಮಾಸ್ತರ್ರ." ಎತ್ತಿ ಆಡಿಸಿದ ಅತ್ತೆಯ ಬಾಯಲ್ಲಿ ಆ 'ರಿ' ಕೇಳುವುದಕ್ಕಿಂತ ಕಪಾಳಕ್ಕೆ ಎರಡು ಬಿಗಿಸಿಕೊಂಡಿದ್ದರೆ ಸುಖವಿತ್ತು. ನಾನು ದಿನಾ ಸಂಜೆ ಶಾಲೆಯಿಂದ ಬಂದು ಮಗ್ಗದ ಕೋಣೆಯ ಹೊಸ್ತಿಲಲ್ಲಿ ಕೂಡುತ್ತಿದ್ದೆ, ಸುಮ್ಮನೆ. ಆಕೆ ನೇಯುತ್ತಿದ್ದಳು, ಸುಮ್ಮನೆ. ಒಂದು ಸಂಜೆ ತಲೆಯೆತ್ತದೆಯೇ ಕೈ ಚಾಚಿ, "ಆ ನೂಲಿನ ಕಂಡಿಕಿ ಕೊಡೋ ತಮ್ಮಾ" ಎಂದಳು. ನೂಲು ಸುತ್ತಿದ ಕಂಡಿಕೆ ಕೊಟ್ಟು, ಹಿತ್ತಲಿಗೆ ಹೋಗಿ ಅತ್ತೆ ಕೇಳಿಸಿಕೊಳ್ಳದಷ್ಟು ದೂರದಲ್ಲಿ ಅತ್ತುಬಿಟ್ಟೆ.

ಹೀಗೆ ಮಗ್ಗದ ಮುಂದೆ ಒಂಬತ್ತು ತಿಂಗಳು ಸಿಕ್ಕಿತು ಆಕೆಗೆ. ಆ ಮಳೆಗಾಲದಲ್ಲಿ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಯಿತು, ಗದಗಿನ ದವಾಖಾನೆಯಲ್ಲಿ ನಾಲ್ಕು ದಿನ ಇದ್ದಳು. ಐದನೆಯ ದಿನ ಇರಲಿಲ್ಲ. ಅಲ್ಲಿಯ ಡಾಕ್ಟರು ಹುಬ್ಬಳ್ಳಿಯ ಕಾಗದಗಳನ್ನೆಲ್ಲ ತಿರುವಿ ನೋಡಿ, ಇದಕ್ಕೂ ತಲೆಗೂ ಸಂಬಂಧವಿಲ್ಲ ಎಂದರು. ನಾನು ಏಳು ತಿಂಗಳು ಕಾವಲು ಕೂತ ಬಾಗಿಲಿನಿಂದ ಸಾವು ಬರಲೇ ಇಲ್ಲ.

ಮೂರನೆಯ ದಿನ ಮುಶಿಗೇರಿಯಿಂದ, ಚಿಕ್ಕನರಗುಂದದಿಂದ ಬೀಗರು ಬಂದರು. ಪಡಸಾಲೆಯಲ್ಲಿ ಎಲ್ಲರೂ ಕೂತಾಗ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಹಡದ ಮಗಾ ಸೈತ ಇಷ್ಟು ಜ್ವಾಕಿ ಮಾಡಂಗಿಲ್ಲ ಮಾಸ್ತರ. ಒಂದ ಕಡ್ಡಿ ಎತ್ತಾಕ ಬಿಡಲಿಲ್ಲಂತ ನೀವು. ಆಕೀನ ಹೇಳ್ತಿದ್ಲು, ನನ್ನ ತಮ್ಮನ ಮಗಾ ಅಂದ್ರ ಬಂಗಾರ ಅಂತ" ಎಂದರು. ಸುತ್ತ ಕೂತವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಹೆಂಡತಿಯೂ ಆಡಿಸಿದಳು. ನನ್ನ ಸುಳ್ಳನ್ನು ಅವಳಿಗೂ ಅತ್ತೆ ಹೇಳಿರಲಿಲ್ಲ. ಎದ್ದು ಹೋಗೋಣವೆಂದರೆ ಎಡಕ್ಕೂ ಬಲಕ್ಕೂ ಜನ, ಹೊಗಳುವ ಜನ. ಅವರ ನಡುವೆ ಸಿಕ್ಕಿಕೊಂಡು ಕೂತಿದ್ದೆ.

ಒಂದು ತಿಂಗಳಿಗೆ ಮುಗಿಯಬೇಕಾದದ್ದನ್ನು ನಾನು ಏಳು ತಿಂಗಳು ಎಳೆದೆ. ಆಕೆಗೆ ಉಳಿದಿದ್ದದ್ದೇ ಒಂದಿಷ್ಟು ಆಯುಷ್ಯ, ಅದರಲ್ಲಿ ಆರು ತಿಂಗಳು ನಾನು ತಿಂದೆ, ಸುಳ್ಳು ಹೇಳಿ ತಿಂದೆ. ಆಕೆ ಅದನ್ನು ಯಾರಿಗೂ ಹೇಳದೆ ಹೋದಳು. ಅದಕ್ಕೇ ನಾನು ಹೇಳಿದ್ದೇನೆ.